ಔಷಧಕ್ಕೆ ಬಗ್ಗದ ಮೂರ್ಛೆರೋಗ: ಮಕ್ಕಳ ಮಿದುಳಿನ ಶಸ್ತ್ರಚಿಕಿತ್ಸೆ

ಮಾತ್ರೆಗಳಿಂದ ಹತೋಟಿಗೆ ಬಾರದ ಮೂರ್ಛೆರೋಗವಿರುವ ಮಕ್ಕಳಲ್ಲಿ ಸೆಳವು ಹುಟ್ಟುವ ಮಿದುಳಿನ ಭಾಗವನ್ನು ಗುರುತಿಸಿ, ಅದನ್ನು ತೆಗೆದುಹಾಕುವ ಅಥವಾ ಉಳಿದ ಮಿದುಳಿನಿಂದ ಬೇರ್ಪಡಿಸುವ ಚಿಕಿತ್ಸೆ ಇದು. ನರರೋಗ ತಜ್ಞರು, ನರಶಸ್ತ್ರಚಿಕಿತ್ಸಕರು, ವಿಕಿರಣ ತಜ್ಞರು, ಅರಿವಳಿಕೆ ತಜ್ಞರು, ಮನೋವಿಜ್ಞಾನಿಗಳು ಮತ್ತು ಪುನಶ್ಚೇತನ ತಜ್ಞರು ಒಟ್ಟಾಗಿ ಇದನ್ನು ನಡೆಸುತ್ತಾರೆ. ಸರಿಯಾಗಿ ಆಯ್ದ ಮಕ್ಕಳಲ್ಲಿ ಇದರಿಂದ ಸೆಳವು ಪೂರ್ತಿ ನಿಲ್ಲುವ ಸಾಧ್ಯತೆ ಇನ್ನೊಂದು ಹೊಸ ಮಾತ್ರೆಯಿಂದ ಸಿಗುವುದಕ್ಕಿಂತ ಹಲವು ಪಟ್ಟು ಹೆಚ್ಚು. ಹೀಗಿದ್ದರೂ ಎಲ್ಲ ಮಾತ್ರೆಗಳೂ ಸೋತು, ವರ್ಷಗಳು ಉರುಳಿ, ಮಗುವಿನ ಕಲಿಕೆ ಕುಂಠಿತವಾದ ಮೇಲೆಯೇ ಈ ದಾರಿ ನೆನಪಾಗುವುದು ಇಂದಿಗೂ ಸಾಮಾನ್ಯ. ಈ ವಿಳಂಬವೇ ಮಕ್ಕಳಿಗೆ ಆಗುತ್ತಿರುವ ದೊಡ್ಡ ನಷ್ಟ ಎಂಬುದನ್ನು ಕಳೆದ ಕೆಲವು ದಶಕಗಳ ಅನುಭವ ತೋರಿಸಿಕೊಟ್ಟಿದೆ.

ರೋಗದ ಸ್ವರೂಪ

ಮಿದುಳಿನ ನರಕೋಶಗಳು ಸಣ್ಣ ವಿದ್ಯುತ್ ಸಂಕೇತಗಳ ಮೂಲಕ ಕೆಲಸ ಮಾಡುತ್ತವೆ. ಒಂದು ಗುಂಪಿನ ಕೋಶಗಳು ಹತೋಟಿ ಮೀರಿ ಏಕಕಾಲಕ್ಕೆ ವಿದ್ಯುತ್ ಹೊಮ್ಮಿಸಿದಾಗ ಸೆಳವು ಬರುತ್ತದೆ. ಆಡುಮಾತಿನಲ್ಲಿ ಇದೇ ಫಿಟ್ಸ್. ತಕ್ಷಣದ ಕಾರಣವಿಲ್ಲದೆ ಮತ್ತೆ ಮತ್ತೆ ಸೆಳವು ಬರುವ ಪ್ರವೃತ್ತಿಗೆ ಮೂರ್ಛೆರೋಗ ಅಥವಾ ಅಪಸ್ಮಾರ ಎಂಬ ಹೆಸರಿದೆ. ಮೈಯೆಲ್ಲ ಬಿಗಿದು ಅದುರುವುದೊಂದೇ ಇದರ ರೂಪವಲ್ಲ. ಆಡುತ್ತಿದ್ದ ಮಗು ದಿಟ್ಟಿಸಿ ನಿಂತುಬಿಡಬಹುದು, ಬಾಯಿ ಚಪ್ಪರಿಸಬಹುದು, ಒಂದು ಕೈ ಮಾತ್ರ ಜಗ್ಗಬಹುದು, ಕಾರಣವಿಲ್ಲದೆ ನಗಬಹುದು, ಇದ್ದಕ್ಕಿದ್ದಂತೆ ಕುಸಿದುಬೀಳಬಹುದು. ಕೈಕಾಲು ಮುದುರಿ ತಲೆ ಬಾಗಿಸುವ ಹಸುಗೂಸಿನ ಸೆಳವನ್ನು ಹೊಟ್ಟೆನೋವೆಂದು ತಿಳಿಯುವ ಮನೆಗಳೂ ಇವೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಮೂರ್ಛೆರೋಗವಿದೆ. ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್‌ನ ಎಂ. ಗೌರಿದೇವಿ ಮತ್ತು ಸಂಗಡಿಗರು ನಡೆಸಿ 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸಾವಿರ ಜನರಲ್ಲಿ ಸುಮಾರು 9 ಮಂದಿಗೆ ಈ ರೋಗ ಕಂಡುಬಂತು. ಹಳ್ಳಿಗಳಲ್ಲಿ ಇದರ ಪ್ರಮಾಣ ನಗರದ ಸುಮಾರು ಎರಡರಷ್ಟಿತ್ತು.

ಔಷಧಕ್ಕೆ ಬಗ್ಗದಿರುವುದು ಎಂದರೆ

ಮೂರ್ಛೆರೋಗವಿರುವ ಮೂವರಲ್ಲಿ ಇಬ್ಬರಿಗೆ ಸರಿಯಾದ ಮಾತ್ರೆಯಿಂದ ಸೆಳವು ನಿಲ್ಲುತ್ತದೆ. ಉಳಿದವರಲ್ಲಿ ಎಷ್ಟು ಮಾತ್ರೆ ಬದಲಿಸಿದರೂ ಸೆಳವು ಮುಂದುವರಿಯುತ್ತದೆ. ಅಂತರರಾಷ್ಟ್ರೀಯ ಮೂರ್ಛೆರೋಗ ವಿರೋಧಿ ಒಕ್ಕೂಟ 2010ರಲ್ಲಿ ಇದಕ್ಕೊಂದು ಸ್ಪಷ್ಟ ವ್ಯಾಖ್ಯೆ ಕೊಟ್ಟಿತು: ಸೆಳವಿನ ಬಗೆಗೆ ತಕ್ಕುದಾಗಿ ಆಯ್ದ, ಸಾಕಷ್ಟು ಪ್ರಮಾಣದಲ್ಲಿ ಕೊಟ್ಟ, ರೋಗಿ ತಾಳಿಕೊಂಡ ಎರಡು ಔಷಧಗಳು ಒಂದೊಂದಾಗಿಯೋ ಜೊತೆಯಾಗಿಯೋ ಸೆಳವನ್ನು ದೀರ್ಘಕಾಲ ನಿಲ್ಲಿಸಲು ವಿಫಲವಾದರೆ ಅದು ಔಷಧಕ್ಕೆ ಬಗ್ಗದ ಮೂರ್ಛೆರೋಗ.

ಎರಡೇ ಔಷಧಗಳಿಗೆ ಗಡಿ ಹಾಕಿದ್ದಕ್ಕೆ ಆಧಾರವಿದೆ. ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ ಪ್ಯಾಟ್ರಿಕ್ ಕ್ವಾನ್ ಮತ್ತು ಮಾರ್ಟಿನ್ ಬ್ರೋಡಿ ಮೊದಲ ಬಾರಿಗೆ ಚಿಕಿತ್ಸೆಗೆ ಬಂದ 470 ರೋಗಿಗಳನ್ನು ಗಮನಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ಔಷಧದಿಂದಲೇ ಶೇ. 47 ಮಂದಿ ಸೆಳವಿನಿಂದ ಮುಕ್ತರಾಗಿದ್ದರು. ಎರಡನೆಯ ಅಥವಾ ಮೂರನೆಯ ಔಷಧ ಇನ್ನು ಶೇ. 14 ಮಂದಿಗೆ ನೆರವಾಯಿತು. ಎರಡು ಔಷಧಗಳನ್ನು ಕೂಡಿಸಿ ಕೊಟ್ಟಾಗ ಹತೋಟಿ ಸಿಕ್ಕಿದ್ದು ಶೇ. 3 ಮಂದಿಗೆ ಮಾತ್ರ. ಆಮೇಲೆ ಹತ್ತಾರು ಹೊಸ ಔಷಧಗಳು ಬಂದಿವೆ, ಅಡ್ಡಪರಿಣಾಮಗಳು ಕಡಿಮೆಯಾಗಿವೆ, ಆದರೆ ಈ ಒಟ್ಟು ಲೆಕ್ಕ ಹೆಚ್ಚು ಬದಲಾಗಿಲ್ಲ.

ಮಗುವಿಗೆ ಈ ಹಣೆಪಟ್ಟಿ ಹಚ್ಚುವ ಮುನ್ನ ಕೆಲವು ಸಂಗತಿಗಳನ್ನು ಪರೀಕ್ಷಿಸಿಕೊಳ್ಳಬೇಕು. ಮಾತ್ರೆ ಹೊತ್ತುಹೊತ್ತಿಗೆ ಬಿದ್ದಿದೆಯೇ, ಪ್ರಮಾಣ ಮಗುವಿನ ತೂಕಕ್ಕೆ ಸರಿಯಾಗಿದೆಯೇ, ಸೆಳವಿನ ಬಗೆಗೆ ಆ ಔಷಧ ಹೊಂದುತ್ತದೆಯೇ, ಬಂದದ್ದು ನಿಜವಾಗಿ ಸೆಳವೇ ಎಂದು ನೋಡಬೇಕು. ಅತ್ತು ಅತ್ತು ಉಸಿರು ಕಟ್ಟಿ ನೀಲಿಗಟ್ಟುವ ಮಗು, ನಿಂತಲ್ಲೇ ರಕ್ತದೊತ್ತಡ ಇಳಿದು ಬವಳಿ ಬೀಳುವ ಬಾಲಕಿ, ಹೃದಯದ ಲಯ ತಪ್ಪಿ ಕುಸಿಯುವ ಹುಡುಗ, ಇವರೆಲ್ಲ ತಪ್ಪಾಗಿ ಫಿಟ್ಸ್ ಮಾತ್ರೆ ನುಂಗುತ್ತಿರುವ ಉದಾಹರಣೆಗಳಿವೆ.

ಕಾಯುವುದರಿಂದ ಮಗುವಿಗಾಗುವ ನಷ್ಟ

ಬೆಳೆಯುವ ಮಿದುಳಿನ ಮೇಲೆ ದಿನದಿನವೂ ಸೆಳವು ಎರಗಿದರೆ ಮಾತು, ನೆನಪು, ಗಮನ, ವರ್ತನೆ ಎಲ್ಲದರ ಬೆಳವಣಿಗೆಗೂ ಅಡ್ಡಿಯಾಗುತ್ತದೆ. ಸೆಳವುಗಳ ನಡುವೆ ಮಿದುಳಿನ ವಿದ್ಯುತ್ ದಾಖಲೆಯಾದ ಇಇಜಿಯಲ್ಲಿ ಎಡೆಬಿಡದೆ ಕಾಣುವ ಅಸಹಜ ಅಲೆಗಳೂ ಕಲಿಕೆಯನ್ನು ಕೆಡಿಸುತ್ತವೆ. ಮಾತು ಕಲಿತಿದ್ದ ಮಗು ಮಾತು ಮರೆಯುತ್ತದೆ, ಕೂರುತ್ತಿದ್ದ ಕೂಸು ಕೂರದಾಗುತ್ತದೆ. ಶೈಶವದಲ್ಲೇ ಸೆಳವು ಆರಂಭವಾದ ಮಕ್ಕಳಲ್ಲಿ ಈ ಹಾನಿ ತೀವ್ರ. ಇದರ ಮೇಲೆ ಹಲವು ಔಷಧಗಳ ಮಂಪರು, ಬಿದ್ದು ಆಗುವ ಗಾಯ, ನೀರು ಮತ್ತು ಬೆಂಕಿಯ ಭಯ ಸೇರಿಕೊಳ್ಳುತ್ತವೆ. ಶಾಲೆ ತಪ್ಪಿಹೋಗುತ್ತದೆ. ಸೆಳವು ಹತೋಟಿಯಲ್ಲಿಲ್ಲದವರಲ್ಲಿ ನಿದ್ದೆಯಲ್ಲೇ ಹಠಾತ್ ಸಾವು ಸಂಭವಿಸುವ ಅಪಾಯವೂ ಇದೆ.

ಇನ್ನೊಂದು ಕಡೆ, ಎಳೆಯ ಮಿದುಳಿಗೆ ದೊಡ್ಡವರಲ್ಲಿಲ್ಲದ ಒಂದು ಶಕ್ತಿಯಿದೆ. ಒಂದು ಭಾಗ ಮಾಡಬೇಕಾದ ಕೆಲಸವನ್ನು ಇನ್ನೊಂದು ಭಾಗ ಕಲಿತು ವಹಿಸಿಕೊಳ್ಳಬಲ್ಲದು. ಎಡ ಅರ್ಧಗೋಳದಲ್ಲಿರುವ ಮಾತಿನ ಕೇಂದ್ರ ಎಳವೆಯಲ್ಲೇ ಹಾನಿಗೊಂಡರೆ ಮಾತು ಬಲಭಾಗಕ್ಕೆ ವರ್ಗವಾಗಬಹುದು. ಈ ಸಾಮರ್ಥ್ಯ ಐದಾರು ವರ್ಷದವರೆಗೆ ಹೆಚ್ಚಿದ್ದು, ಹದಿಹರೆಯದ ಹೊತ್ತಿಗೆ ಬಹಳ ಕುಗ್ಗುತ್ತದೆ. ಹೀಗಾಗಿ ಮಕ್ಕಳಲ್ಲಿ ಶಸ್ತ್ರಚಿಕಿತ್ಸೆಯ ಮಾತು ಬೇಗ ಬರಬೇಕು.

ಕಾರಣಗಳು

ಶಸ್ತ್ರಚಿಕಿತ್ಸೆಗೆ ಒಳಗಾಗುವ ವಯಸ್ಕರಲ್ಲಿ ಮಿದುಳಿನ ಟೆಂಪೊರಲ್ ಹಾಲೆಯ ಒಳಮಗ್ಗುಲಲ್ಲಿರುವ ಹಿಪೊಕ್ಯಾಂಪಸ್ ಎಂಬ ಭಾಗ ಗಟ್ಟಿಯಾಗಿ ಸೊರಗಿರುವುದು ಮುಖ್ಯ ಕಾರಣ. ಮಕ್ಕಳಲ್ಲಿ ಚಿತ್ರ ಬೇರೆ. ಯುರೋಪಿನ 12 ದೇಶಗಳ 36 ಕೇಂದ್ರಗಳಿಂದ 9,523 ರೋಗಿಗಳ ಅಂಗಾಂಶ ಪರೀಕ್ಷಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಕ್ಕಳ ಪೈಕಿ ಶೇ. 39ರಷ್ಟು ಮಂದಿಯಲ್ಲಿ ಫೋಕಲ್ ಕಾರ್ಟಿಕಲ್ ಡಿಸ್ಪ್ಲೇಸಿಯಾ ಕಂಡುಬಂತು. ಗರ್ಭದಲ್ಲಿ ಮಿದುಳಿನ ಹೊರಪದರ ರೂಪುಗೊಳ್ಳುವಾಗ ಒಂದು ತುಣುಕಿನಲ್ಲಿ ಕೋಶಗಳ ಜೋಡಣೆ ತಪ್ಪುವುದೇ ಈ ದೋಷ. ಲಂಡನ್ನಿನ ಡೇವಿಡ್ ಟೇಲರ್ ಮತ್ತು ಸಂಗಡಿಗರು 1971ರಲ್ಲಿ ಇದನ್ನು ವಿವರಿಸಿದರು.

ಇತರ ಕಾರಣಗಳು ಹಲವು. ಗ್ಯಾಂಗ್ಲಿಯೊಗ್ಲಿಯೋಮದಂಥ ನಿಧಾನವಾಗಿ ಬೆಳೆಯುವ ಗಡ್ಡೆಗಳು, ಒಂದು ಅರ್ಧಗೋಳವಿಡೀ ದೊಡ್ಡದಾಗಿ ವಿರೂಪಗೊಳ್ಳುವ ಹೆಮಿಮೆಗಲೆನ್ಸೆಫಲಿ, ಮಿದುಳಿನಲ್ಲಿ ಗಂಟುಗಳು ಮೂಡುವ ಟ್ಯೂಬರಸ್ ಸ್ಕ್ಲೆರೋಸಿಸ್, ಮುಖದ ಮೇಲೆ ಕೆಂಪು ಮಚ್ಚೆಯಾಗಿ ಕಾಣಿಸಿಕೊಂಡು ಮಿದುಳಿನ ರಕ್ತನಾಳಗಳನ್ನೂ ಒಳಗೊಳ್ಳುವ ಸ್ಟರ್ಜ್-ವೆಬರ್ ಕಾಯಿಲೆ ಇವುಗಳಲ್ಲಿ ಸೇರಿವೆ. ರಾಸ್‌ಮುಸೆನ್ ಎನ್ಸೆಫಲೈಟಿಸ್ ಎಂಬ ಉರಿಯೂತ ಮಿದುಳಿನ ಒಂದೇ ಬದಿಯನ್ನು ತಿಂಗಳುಗಟ್ಟಲೆ ಸವೆಸುತ್ತದೆ. ಹೈಪೊಥಲಾಮಸ್‌ನ ಹ್ಯಾಮರ್ಟೋಮ ಎಂಬ ಗಂಟು ನಗುವಿನ ರೂಪದ ಸೆಳವು ತರುತ್ತದೆ.

ನಮ್ಮ ದೇಶದಲ್ಲಿ ಹೆರಿಗೆಯ ಹೊತ್ತಿನ ಹಾನಿಯ ಪಾಲು ದೊಡ್ಡದು. ಹುಟ್ಟುವಾಗ ಉಸಿರುಕಟ್ಟುವುದು, ಗರ್ಭದಲ್ಲಿ ಇಲ್ಲವೆ ಹೆರಿಗೆಯ ಆಸುಪಾಸಿನಲ್ಲಿ ಮಿದುಳಿಗೆ ರಕ್ತ ನಿಲ್ಲುವುದು, ಮೊದಲ ದಿನಗಳಲ್ಲಿ ಮಗುವಿನ ರಕ್ತದ ಸಕ್ಕರೆ ಕುಸಿಯುವುದು, ಇವು ಮಿದುಳಿನಲ್ಲಿ ಕಲೆ ಉಳಿಸುತ್ತವೆ. ಸಕ್ಕರೆ ಕುಸಿತದ ಹಾನಿ ಹೆಚ್ಚಾಗಿ ಹಿಂಭಾಗದ ಹಾಲೆಗಳಲ್ಲಿ ಕಾಣುತ್ತದೆ. ನವಜಾತ ಶಿಶುವಿಗೆ ಬೇಗ ಎದೆಹಾಲು ಕುಡಿಸುವುದು, ಸಕ್ಕರೆ ಪರೀಕ್ಷಿಸುವುದು, ಸುರಕ್ಷಿತ ಹೆರಿಗೆ, ಇವು ಮೂರ್ಛೆರೋಗ ತಡೆಯುವ ಕ್ರಮಗಳೂ ಹೌದು.

ಬೆಳೆದು ಬಂದ ದಾರಿ

ಆಧುನಿಕ ಮೂರ್ಛೆರೋಗ ಶಸ್ತ್ರಚಿಕಿತ್ಸೆಯ ಆರಂಭವನ್ನು 1886ಕ್ಕೆ ಇಡುತ್ತಾರೆ. ಆ ವರ್ಷ ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ ವಿಕ್ಟರ್ ಹಾರ್ಸ್ಲಿ 22 ವರ್ಷದ ಯುವಕನೊಬ್ಬನ ಮಿದುಳಿನ ಕಲೆಯನ್ನು ತೆಗೆದರು. ಬಾಲ್ಯದಲ್ಲಿ ಗಾಡಿ ಹಾಯ್ದು ತಲೆಬುರುಡೆ ಮುರಿದದ್ದು ಆತನ ಸೆಳವಿಗೆ ಕಾರಣವಾಗಿತ್ತು. ಸೆಳವು ದೇಹದ ಯಾವ ಭಾಗದಲ್ಲಿ ಆರಂಭವಾಗುತ್ತದೆ ಎಂಬುದರಿಂದ ಅದು ಮಿದುಳಿನ ಯಾವ ಜಾಗದಲ್ಲಿ ಹುಟ್ಟುತ್ತದೆ ಎಂದು ಊಹಿಸಬಹುದೆಂದು ನರವೈದ್ಯ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ ತೋರಿಸಿದ್ದರು. ಹಾರ್ಸ್ಲಿ ನಂಬಿದ್ದು ಆ ತರ್ಕವನ್ನೇ.

ಜರ್ಮನಿಯ ಹಾನ್ಸ್ ಬರ್ಗರ್ 1929ರಲ್ಲಿ ಮಾನವ ಮಿದುಳಿನ ವಿದ್ಯುತ್ ದಾಖಲೆಯನ್ನು ಪ್ರಕಟಿಸಿದ ಮೇಲೆ ಸೆಳವಿನ ಮೂಲವನ್ನು ಅಳೆದು ನೋಡುವ ಉಪಕರಣ ಸಿಕ್ಕಿತು. 1934ರಲ್ಲಿ ಮಾಂಟ್ರಿಯಲ್ ನರವಿಜ್ಞಾನ ಸಂಸ್ಥೆಯನ್ನು ಕಟ್ಟಿದ ವೈಲ್ಡರ್ ಪೆನ್‌ಫೀಲ್ಡ್, ರೋಗಿ ಎಚ್ಚರವಿರುವಾಗಲೇ ಮಿದುಳಿನ ಹೊರಪದರಕ್ಕೆ ಸಣ್ಣ ವಿದ್ಯುತ್ ತಾಗಿಸಿ ಚಲನೆ, ಸ್ಪರ್ಶ, ಮಾತಿನ ಜಾಗಗಳನ್ನು ಗುರುತಿಸಿದರು. ಜೊತೆಗಾರ ಹರ್ಬರ್ಟ್ ಜಾಸ್ಪರ್ ಇಇಜಿಯನ್ನು ಶಸ್ತ್ರಚಿಕಿತ್ಸೆಯ ಕೋಣೆಯೊಳಗೆ ತಂದರು. ಪ್ಯಾರಿಸಿನಲ್ಲಿ ಜ್ಯಾಂ ತಲೈರಾಕ್ ಮತ್ತು ಜ್ಯಾಂ ಬಾಂಕೊ ಮಿದುಳಿನ ಆಳಕ್ಕೆ ತೆಳು ವಿದ್ಯುದಗ್ರಗಳನ್ನಿಳಿಸಿ ಸೆಳವನ್ನು ದಾಖಲಿಸುವ ವಿಧಾನ ರೂಪಿಸಿದರು.

ಮಕ್ಕಳ ಚಿಕಿತ್ಸೆಯಲ್ಲಿ ಒಂದು ಇಡೀ ಅರ್ಧಗೋಳದ ಶಸ್ತ್ರಚಿಕಿತ್ಸೆಯ ಕಥೆ ಮುಖ್ಯವಾದದ್ದು. ಕೆನಡಾದ ಕೆನೆತ್ ಮೆಕೆನ್ಜಿ 1938ರಲ್ಲಿ ಮೂರ್ಛೆರೋಗಕ್ಕಾಗಿ ಇದನ್ನು ಮಾಡಿದರು. ದಕ್ಷಿಣ ಆಫ್ರಿಕದ ರೋಲೆಂಡ್ ಕ್ರೈನೋ 1950ರಲ್ಲಿ, ಎಳವೆಯಲ್ಲೇ ಒಂದು ಬದಿ ಸ್ವಾಧೀನ ತಪ್ಪಿದ್ದ 12 ಮಂದಿಯಲ್ಲಿ ಇದರ ಫಲ ವರದಿ ಮಾಡಿದಾಗ ಜಗತ್ತು ಬೆರಗಾಯಿತು. ಆದರೆ ಅರ್ಧಗೋಳ ತೆಗೆದ ಖಾಲಿ ಜಾಗದಲ್ಲಿ ವರ್ಷಗಳ ಮೇಲೆ ರಕ್ತ ಜಿನುಗಿ, ಕಬ್ಬಿಣಾಂಶ ಕಟ್ಟಿಕೊಂಡು ಸಾವುಗಳಾಗತೊಡಗಿದವು. 1970ರ ದಶಕದಲ್ಲಿ ಮಾಂಟ್ರಿಯಲ್‌ನ ಥಿಯೊಡೋರ್ ರಾಸ್‌ಮುಸೆನ್ ದಾರಿ ಬದಲಿಸಿದರು. ಅರ್ಧಗೋಳದ ಕೆಲಭಾಗ ಮಾತ್ರ ತೆಗೆದು, ಉಳಿದದ್ದನ್ನು ರಕ್ತ ಸಂಚಾರದೊಂದಿಗೆ ಅಲ್ಲೇ ಬಿಟ್ಟು, ನರತಂತುಗಳ ಸಂಪರ್ಕವನ್ನು ಕಡಿದರು. 1990ರ ದಶಕದಲ್ಲಿ ಫ್ರಾನ್ಸಿನ ಒಲಿವಿಯೆ ದಲಲಾಂದ್, ಕೆನಡಾದ ಜ್ಯಾಂ-ಗಿ ವಿಲ್‌ಮ್ಯೂರ್ ಮೊದಲಾದವರು ಇದನ್ನು ಇನ್ನಷ್ಟು ಚಿಕ್ಕದಾಗಿಸಿದರು. ಇಂದಿನ ಹೆಮಿಸ್ಫೆರೊಟಮಿ ಇದೇ: ಮನೆ ಕೆಡವದೆ ಅದರ ವಿದ್ಯುತ್ ಸಂಪರ್ಕವನ್ನಷ್ಟೇ ಕಡಿದಂತೆ, ರೋಗಗ್ರಸ್ತ ಅರ್ಧಗೋಳ ತಲೆಯೊಳಗೇ ಉಳಿಯುತ್ತದೆ, ಅದರ ಸೆಳವು ಮಾತ್ರ ಹೊರಗೆ ದಾಟುವುದಿಲ್ಲ.

ಶಸ್ತ್ರಚಿಕಿತ್ಸೆಗೆ ಮುಂಚಿನ ಪರೀಕ್ಷೆಗಳು

ತಂಡ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತದೆ. ಸೆಳವು ನಿಖರವಾಗಿ ಎಲ್ಲಿ ಹುಟ್ಟುತ್ತದೆ? ಆ ಜಾಗವನ್ನು ತೆಗೆದರೆ ಮಗುವಿಗೆ ಯಾವ ಸಾಮರ್ಥ್ಯ ನಷ್ಟವಾಗುತ್ತದೆ?

ಮೊದಲ ಸಾಕ್ಷಿ ಮನೆಯವರ ವಿವರಣೆ. ತಾಯಿ ಮೊಬೈಲಿನಲ್ಲಿ ಹಿಡಿದ ವಿಡಿಯೊ ಎಷ್ಟೋ ಬಾರಿ ರೋಗನಿರ್ಣಯದ ದಿಕ್ಕನ್ನೇ ಬದಲಿಸುತ್ತದೆ. ಕಣ್ಣು ಯಾವ ಕಡೆ ತಿರುಗಿತು, ಯಾವ ಕೈ ಮೊದಲು ಬಿಗಿಯಿತು, ಆಮೇಲೆ ಮಾತು ಎಷ್ಟು ಹೊತ್ತಿಗೆ ಮರಳಿತು ಎಂಬ ವಿವರಗಳಿಗೆ ಬೆಲೆಯಿದೆ. ಬಳಿಕ ವಿಡಿಯೊ ಇಇಜಿ. ಮಗುವನ್ನು ಕೆಲವು ದಿನ ಆಸ್ಪತ್ರೆಯಲ್ಲಿರಿಸಿ, ತಲೆಗೆ ವಿದ್ಯುದಗ್ರಗಳನ್ನು ಅಂಟಿಸಿ, ಕ್ಯಾಮೆರಾ ಮುಂದೆ ಹಗಲಿರುಳು ದಾಖಲಿಸುತ್ತಾರೆ. ಅಗತ್ಯವಿದ್ದರೆ ವೈದ್ಯರ ನಿಗಾದಲ್ಲಿ ಮಾತ್ರೆ ಇಳಿಸುತ್ತಾರೆ, ಏಕೆಂದರೆ ಸೆಳವು ಬಂದಾಗಲೇ ಅದರ ಮೂಲ ಕಾಣುವುದು.

ಎಂಆರ್‌ಐಯನ್ನು ಮೂರ್ಛೆರೋಗಕ್ಕೆಂದೇ ಗೊತ್ತುಪಡಿಸಿದ ಕ್ರಮದಲ್ಲಿ, ತೆಳುವಾದ ಪದರಗಳಲ್ಲಿ, ಸಾಧ್ಯವಾದರೆ 3 ಟೆಸ್ಲಾ ಯಂತ್ರದಲ್ಲಿ ತೆಗೆಯಬೇಕು. ಸಾಮಾನ್ಯ ಸ್ಕ್ಯಾನ್‌ನಲ್ಲಿ ಏನೂ ಇಲ್ಲವೆಂದು ಬರೆದ ಮಗುವಿನ ಚಿತ್ರದಲ್ಲಿ ಅನುಭವಿ ಕಣ್ಣಿಗೆ ಸಣ್ಣ ಡಿಸ್ಪ್ಲೇಸಿಯಾ ಕಾಣಬಹುದು. ಎರಡು ವರ್ಷದೊಳಗೆ ನರತಂತುಗಳ ಹೊದಿಕೆ ಇನ್ನೂ ಬೆಳೆಯುತ್ತಿರುವುದರಿಂದ ದೋಷ ಮರೆಯಾಗಬಹುದು, ಹಾಗಾಗಿ ದೊಡ್ಡದಾದ ಮೇಲೆ ಮತ್ತೆ ಸ್ಕ್ಯಾನ್ ಮಾಡಬೇಕಾಗುತ್ತದೆ. ಸಕ್ಕರೆ ಬಳಕೆ ಕಡಿಮೆಯಿರುವ ಜಾಗವನ್ನು ಪೆಟ್ ಸ್ಕ್ಯಾನ್, ಸೆಳವಿನ ಹೊತ್ತಿನಲ್ಲಿ ರಕ್ತ ಹೆಚ್ಚು ಹರಿದ ಜಾಗವನ್ನು ಸ್ಪೆಕ್ಟ್ ತೋರಿಸುತ್ತವೆ. ನರಕೋಶಗಳ ಕಾಂತೀಯ ಸಂಕೇತವನ್ನು ಮ್ಯಾಗ್ನೆಟೊಎನ್ಸೆಫಲೊಗ್ರಫಿ ಹಿಡಿಯುತ್ತದೆ. ಮಾತು ಮತ್ತು ಚಲನೆಯ ಕೇಂದ್ರಗಳನ್ನು ಫಂಕ್ಷನಲ್ ಎಂಆರ್‌ಐ ಗುರುತಿಸುತ್ತದೆ. ಮನೋವಿಜ್ಞಾನಿ ಮಗುವಿನ ಬುದ್ಧಿ, ನೆನಪು, ಭಾಷೆಯನ್ನು ಅಳೆದು ಬರೆದಿಡುತ್ತಾರೆ. ಇವೆಲ್ಲ ಒಂದೇ ಜಾಗವನ್ನು ತೋರಿಸದಿದ್ದರೆ ಮಾತ್ರ ತಲೆಬುರುಡೆಯಲ್ಲಿ ಸಣ್ಣ ರಂಧ್ರಗಳ ಮೂಲಕ ವಿದ್ಯುದಗ್ರಗಳನ್ನು ಆಳಕ್ಕಿಳಿಸುವ ಸ್ಟೀರಿಯೊ ಇಇಜಿಗೆ ಹೋಗುತ್ತಾರೆ.

ಈ ಪರೀಕ್ಷೆಗಳಿಗೆ ಒಪ್ಪಿದರೆ ಶಸ್ತ್ರಚಿಕಿತ್ಸೆಗೇ ಒಪ್ಪಿದಂತೆ ಎಂಬ ಭಯ ಅನೇಕ ಮನೆಗಳಲ್ಲಿದೆ. ಅದು ಹಾಗಲ್ಲ. ಪರೀಕ್ಷೆಗೊಳಗಾದ ಎಷ್ಟೋ ಮಕ್ಕಳಿಗೆ ಬೇರೆ ಔಷಧವೋ ಆಹಾರ ಚಿಕಿತ್ಸೆಯೋ ಸರಿಯೆಂಬ ತೀರ್ಮಾನವಾಗುತ್ತದೆ. ತಪ್ಪು ರೋಗನಿರ್ಣಯ ಸರಿಹೋಗುವುದೂ ಉಂಟು.

ಶಸ್ತ್ರಚಿಕಿತ್ಸೆಯ ಬಗೆಗಳು

ಗಡ್ಡೆ ಅಥವಾ ಡಿಸ್ಪ್ಲೇಸಿಯಾದಂಥ ಸೀಮಿತ ದೋಷವಿದ್ದಾಗ ಅದನ್ನು ಸುತ್ತಲಿನ ರೋಗಗ್ರಸ್ತ ಅಂಚಿನೊಂದಿಗೆ ತೆಗೆಯುತ್ತಾರೆ. ದೋಷ ಪೂರ್ತಿ ಹೊರಬಂದಷ್ಟೂ ಫಲ ಉತ್ತಮ. ಟೆಂಪೊರಲ್ ಹಾಲೆಯ ಮುಂಭಾಗವನ್ನು ಹಿಪೊಕ್ಯಾಂಪಸ್‌ನೊಂದಿಗೆ ತೆಗೆಯುವುದು ಹದಿಹರೆಯದವರಲ್ಲಿ ಹೆಚ್ಚು. ಒಂದಕ್ಕಿಂತ ಹೆಚ್ಚು ಹಾಲೆಗಳು ಕೆಟ್ಟಿದ್ದರೆ ಅವನ್ನು ತೆಗೆಯುವ ಇಲ್ಲವೆ ಬೇರ್ಪಡಿಸುವ ಶಸ್ತ್ರಚಿಕಿತ್ಸೆ ಇದೆ. ಇಡೀ ಅರ್ಧಗೋಳವೇ ಸೆಳವಿನ ಮೂಲವಾದಾಗ ಹೆಮಿಸ್ಫೆರೊಟಮಿ ಮಾಡುತ್ತಾರೆ.

ಮೂಲವನ್ನು ತೆಗೆಯಲಾಗದ ಮಕ್ಕಳಿಗೆ ಸೆಳವನ್ನು ಹಗುರಾಗಿಸುವ ವಿಧಾನಗಳಿವೆ. ಎರಡು ಅರ್ಧಗೋಳಗಳನ್ನು ಜೋಡಿಸುವ ಕಾರ್ಪಸ್ ಕೆಲೋಸಮ್ ಎಂಬ ತಂತುಪಟ್ಟಿಯನ್ನು ಕಡಿಯುವುದು ಒಂದು. ಅಮೆರಿಕದ ವಿಲಿಯಂ ವ್ಯಾನ್ ವ್ಯಾಗನೆನ್ 1940ರಲ್ಲಿ ಇದರ ಮೊದಲ ವರದಿ ಪ್ರಕಟಿಸಿದರು. ಇದ್ದಕ್ಕಿದ್ದಂತೆ ಕುಸಿದುಬಿದ್ದು ಹಲ್ಲು, ಹಣೆ ಒಡೆದುಕೊಳ್ಳುವ ಮಕ್ಕಳಿಗೆ ಇದು ಉಪಯುಕ್ತ. ಎದೆಯ ಚರ್ಮದಡಿ ಸಣ್ಣ ಯಂತ್ರವಿಟ್ಟು ಕುತ್ತಿಗೆಯ ವೇಗಸ್ ನರಕ್ಕೆ ವಿದ್ಯುತ್ ಮಿಡಿತ ಕಳಿಸುವುದು ಇನ್ನೊಂದು. ತಲೆ ತೆರೆಯದೆ, ತೆಳು ತಂತುವಿನ ಮೂಲಕ ಲೇಸರ್ ಅಥವಾ ರೇಡಿಯೊ ತರಂಗದ ಶಾಖ ಹಾಯಿಸಿ ಆಳದ ಸಣ್ಣ ದೋಷಗಳನ್ನು ಸುಡುವ ವಿಧಾನಗಳು ಹೈಪೊಥಲಾಮಸ್‌ನ ಹ್ಯಾಮರ್ಟೋಮದಂಥ ಕಡೆ ಬಳಕೆಗೆ ಬಂದಿವೆ.

ಎಳೆಯ ಮಕ್ಕಳಲ್ಲಿ ಅರಿವಳಿಕೆಯೇ ಒಂದು ಸವಾಲು. 10 ಕಿಲೊ ತೂಕದ ಮಗುವಿನ ದೇಹದಲ್ಲಿರುವ ಒಟ್ಟು ರಕ್ತ ಸುಮಾರು 800 ಮಿಲಿಲೀಟರ್. ದೊಡ್ಡವರಲ್ಲಿ ಲೆಕ್ಕಕ್ಕೆ ಬಾರದಷ್ಟು ರಕ್ತಸ್ರಾವ ಇಲ್ಲಿ ಪ್ರಾಣಕ್ಕೆ ಎರವಾಗಬಹುದು. ಹಾಗಾಗಿ ಮಕ್ಕಳ ತೀವ್ರನಿಗಾ ಘಟಕವಿರುವ ಕೇಂದ್ರದಲ್ಲೇ ಇದನ್ನು ಮಾಡಬೇಕು.

ಫಲಿತಾಂಶ: ದೆಹಲಿಯ ಅಧ್ಯಯನ

ಮಕ್ಕಳ ಮೂರ್ಛೆರೋಗ ಶಸ್ತ್ರಚಿಕಿತ್ಸೆಗೆ ಅತ್ಯಂತ ಗಟ್ಟಿಯಾದ ಸಾಕ್ಷ್ಯ ಒದಗಿಸಿದ್ದು ಭಾರತ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ನರವೈದ್ಯೆ ಮಂಜರಿ ತ್ರಿಪಾಠಿ, ಶಸ್ತ್ರಚಿಕಿತ್ಸಕ ಪಿ. ಶರತ್ ಚಂದ್ರ, ಸಂಶೋಧಕಿ ರೇಖಾ ದ್ವಿವೇದಿ ಮತ್ತು ಸಂಗಡಿಗರು 18 ವರ್ಷ ಮತ್ತು ಅದಕ್ಕಿಂತ ಚಿಕ್ಕ 116 ಮಕ್ಕಳನ್ನು ಚೀಟಿ ಎತ್ತಿದಂಥ ಕ್ರಮದಲ್ಲಿ ಎರಡು ಗುಂಪು ಮಾಡಿದರು. 57 ಮಕ್ಕಳಿಗೆ ಕೂಡಲೇ ಶಸ್ತ್ರಚಿಕಿತ್ಸೆ ನಡೆಯಿತು. 59 ಮಕ್ಕಳು ಔಷಧ ಮುಂದುವರಿಸುತ್ತ ಒಂದು ವರ್ಷ ಸರದಿಯಲ್ಲಿದ್ದರು. 2017ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ವರ್ಷದ ಕೊನೆಗೆ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ 44 ಮಕ್ಕಳು, ಅಂದರೆ ಶೇ. 77, ಸೆಳವಿನಿಂದ ಮುಕ್ತರಾಗಿದ್ದರು. ಔಷಧದ ಗುಂಪಿನಲ್ಲಿ ಮುಕ್ತರಾದವರು 4 ಮಕ್ಕಳು, ಅಂದರೆ ಶೇ. 7.

ವರ್ತನೆ, ಬದುಕಿನ ಗುಣಮಟ್ಟ, ಸಾಮಾಜಿಕ ಬೆಳವಣಿಗೆಗಳಲ್ಲೂ ಶಸ್ತ್ರಚಿಕಿತ್ಸೆಯಾದ ಮಕ್ಕಳು ಮುಂದಿದ್ದರು. ಬುದ್ಧಿಶಕ್ತಿಯನ್ನು ಅಳೆಯಲು ಬಳಸಿದ್ದು ಬಿನೆ-ಕಾಮತ್ ಪರೀಕ್ಷೆ. ಕನ್ನಡ ಮತ್ತು ಮರಾಠಿ ಮಕ್ಕಳಿಗೆಂದು ವಿ.ವಿ. ಕಾಮತ್ ಅವರು ಹೊಂದಿಸಿಕೊಟ್ಟ ಅಳತೆಗೋಲು ಅದು. ಬುದ್ಧಿಶಕ್ತಿಯ ಅಂಕದಲ್ಲಿ ಒಂದು ವರ್ಷದೊಳಗೆ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಇದು ಕಾಲ ಬೇಡುವ ಬದಲಾವಣೆ. ಲಂಡನ್ನಿನಲ್ಲಿ ಬಾಲ್ಯದಲ್ಲಿ ಟೆಂಪೊರಲ್ ಹಾಲೆಯ ಶಸ್ತ್ರಚಿಕಿತ್ಸೆಯಾದವರನ್ನು ಹಿಂಬಾಲಿಸಿದ ಅಧ್ಯಯನದಲ್ಲಿ ಬುದ್ಧಿಶಕ್ತಿಯ ಏರಿಕೆ ಸ್ಪಷ್ಟವಾಗಿ ಕಂಡದ್ದು ಆರು ವರ್ಷ ಕಳೆದ ಮೇಲೆ.

ಫಲ ಕಾರಣಕ್ಕೆ ತಕ್ಕಂತೆ ಬದಲಾಗುತ್ತದೆ. ಸೌಮ್ಯ ಗಡ್ಡೆ ಮತ್ತು ಹಿಪೊಕ್ಯಾಂಪಸ್‌ನ ದೋಷಗಳಲ್ಲಿ ಹತ್ತರಲ್ಲಿ ಏಳಕ್ಕಿಂತ ಹೆಚ್ಚು ಮಂದಿಗೆ ಸೆಳವು ನಿಲ್ಲುತ್ತದೆ. ಹೆಮಿಸ್ಫೆರೊಟಮಿಯಲ್ಲೂ ಫಲ ಹೆಚ್ಚುಕಡಿಮೆ ಇಷ್ಟೇ. ಎಂಆರ್‌ಐಯಲ್ಲಿ ಏನೂ ಕಾಣದಿದ್ದಾಗ ಮತ್ತು ಕೆಲವು ಬಗೆಯ ಡಿಸ್ಪ್ಲೇಸಿಯಾದಲ್ಲಿ ಇದು ಅರ್ಧಕ್ಕೆ ಇಳಿಯಬಹುದು. ಕಾರ್ಪಸ್ ಕೆಲೋಸಮ್ ಕಡಿಯುವ ಮತ್ತು ವೇಗಸ್ ನರವನ್ನು ಪ್ರಚೋದಿಸುವ ವಿಧಾನಗಳಲ್ಲಿ ಸೆಳವು ಪೂರ್ತಿ ನಿಲ್ಲುವುದು ಅಪರೂಪ. ಅಲ್ಲಿನ ಗುರಿ ಸೆಳವು ಕಡಿಮೆಯಾಗುವುದು, ಬೀಳುವುದು ತಪ್ಪುವುದು.

ಅಪಾಯ ಮತ್ತು ಬೆಲೆ

ದೆಹಲಿಯ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯಾದ 19 ಮಕ್ಕಳಿಗೆ ಗಂಭೀರ ತೊಂದರೆಗಳಾದವು. ಅವರಲ್ಲಿ 15 ಮಂದಿಗೆ ಒಂದು ಬದಿಯ ದೌರ್ಬಲ್ಯ ಬಂತು. ಅರ್ಧಗೋಳದ ಶಸ್ತ್ರಚಿಕಿತ್ಸೆಯಲ್ಲಿ ಇದು ಬಹುತೇಕ ನಿರೀಕ್ಷಿತವೇ. ಎದುರು ಬದಿಯ ಕೈಬೆರಳುಗಳ ಸೂಕ್ಷ್ಮ ಚಲನೆ ಹೋಗುತ್ತದೆ, ಆ ಕಡೆಯ ಅರ್ಧ ದೃಷ್ಟಿ ಹೋಗುತ್ತದೆ. ಮೊದಲೇ ಆ ಬದಿ ಸ್ವಾಧೀನ ತಪ್ಪಿರುವ ಮಗುವಿಗೆ ಹೊಸ ನಷ್ಟ ಕಡಿಮೆ. ಬಹುಪಾಲು ಮಕ್ಕಳು ಮತ್ತೆ ನಡೆಯುತ್ತಾರೆ. ಸೋಂಕು, ರಕ್ತಸ್ರಾವ, ಮಿದುಳಿನಲ್ಲಿ ನೀರು ತುಂಬಿಕೊಂಡು ನಳಿಕೆ ಹಾಕಬೇಕಾಗುವುದು, ಟೆಂಪೊರಲ್ ಶಸ್ತ್ರಚಿಕಿತ್ಸೆಯ ಮೇಲೆ ನೆನಪಿನ ಇಳಿಕೆ, ಇವು ಇತರ ಸಾಧ್ಯತೆಗಳು. ಅನುಭವಿ ಕೇಂದ್ರಗಳಲ್ಲಿ ಸಾವಿನ ಪ್ರಮಾಣ ಬಹಳ ಕಡಿಮೆ, ಹಸುಗೂಸುಗಳ ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲಿ ಸ್ವಲ್ಪ ಹೆಚ್ಚು. ತಂದೆತಾಯಿಯರಿಗೆ ಇದನ್ನೆಲ್ಲ ಅವರ ಭಾಷೆಯಲ್ಲಿ, ಬಿಡುವಾಗಿ, ಒಂದಕ್ಕಿಂತ ಹೆಚ್ಚು ಸಲ ವಿವರಿಸುವುದು ತಂಡದ ಕರ್ತವ್ಯ. ಹೋಲಿಸಬೇಕಾದದ್ದು ಶಸ್ತ್ರಚಿಕಿತ್ಸೆಯ ಅಪಾಯವನ್ನು ಸೆಳವು ಹೀಗೇ ಮುಂದುವರಿಯುವ ಅಪಾಯದೊಂದಿಗೆ.

ಶಸ್ತ್ರಚಿಕಿತ್ಸೆಯ ಮರುದಿನ ಮಾತ್ರೆ ನಿಲ್ಲಿಸುವಂತಿಲ್ಲ. ಸೆಳವಿಲ್ಲದೆ ಸಾಕಷ್ಟು ತಿಂಗಳು ಕಳೆದ ಮೇಲೆ ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ. ಭೌತಚಿಕಿತ್ಸೆ, ಮಾತಿನ ಚಿಕಿತ್ಸೆ, ಶಾಲೆಯಲ್ಲಿ ವಿಶೇಷ ನೆರವು ಇವೂ ಚಿಕಿತ್ಸೆಯ ಭಾಗಗಳೇ.

ಯಾರಿಗೆ ಇದು ಸಲ್ಲದು

ಮಿದುಳಿನ ಎರಡೂ ಕಡೆಯಿಂದ ಸೆಳವು ಹುಟ್ಟುವ ಆನುವಂಶಿಕ ರೋಗಗಳಲ್ಲಿ ತೆಗೆಯುವ ಶಸ್ತ್ರಚಿಕಿತ್ಸೆಗೆ ಜಾಗವಿಲ್ಲ. ಎಸ್‌ಸಿಎನ್1ಎ ವಂಶವಾಹಿಯ ದೋಷದಿಂದ ಬರುವ ಡ್ರಾವೆ ಸಿಂಡ್ರೋಮ್ ಇದಕ್ಕೆ ಉದಾಹರಣೆ. ಅಲ್ಲಿ ಕೆಲವು ಸಾಮಾನ್ಯ ಫಿಟ್ಸ್ ಮಾತ್ರೆಗಳೇ ಸೆಳವನ್ನು ಹೆಚ್ಚಿಸುತ್ತವೆ, ಹಾಗಾಗಿ ಸರಿಯಾದ ಔಷಧ ಹುಡುಕುವುದೇ ಮುಖ್ಯ. ವಯಸ್ಸಿನೊಂದಿಗೆ ತಾನೇ ಹೋಗುವ ಬಾಲ್ಯದ ಮೂರ್ಛೆರೋಗಗಳಿಗೂ ಇದು ಬೇಡ. ಕೊಬ್ಬು ಹೆಚ್ಚು, ಪಿಷ್ಟ ತೀರಾ ಕಡಿಮೆ ಇರುವ ಕೀಟೋಜೆನಿಕ್ ಆಹಾರ ಶಸ್ತ್ರಚಿಕಿತ್ಸೆ ಸಲ್ಲದ ಅನೇಕ ಮಕ್ಕಳಿಗೆ ನೆರವಾಗುತ್ತದೆ. 1921ರಲ್ಲಿ ಅಮೆರಿಕದಲ್ಲಿ ಆರಂಭವಾದ ಈ ಚಿಕಿತ್ಸೆಯನ್ನು ವೈದ್ಯರ ಮತ್ತು ಆಹಾರ ತಜ್ಞರ ನಿಗಾದಲ್ಲೇ ಮಾಡಬೇಕು. ತಲೆಯ ಮೇಲೆ ತಂಬಿಗೆಗಟ್ಟಲೆ ಬಿಸಿನೀರು ಹುಯ್ದುಕೊಳ್ಳುವಾಗ ಬರುವ, ಕರ್ನಾಟಕದಲ್ಲಿ ಹೆಚ್ಚಾಗಿ ಕಾಣುವ ಬಿಸಿನೀರಿನ ಮೂರ್ಛೆಯೂ ನೀರಿನ ಬಿಸಿ ಇಳಿಸುವುದರಿಂದ ಮತ್ತು ಔಷಧದಿಂದ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ.

ಭಾರತ ಮತ್ತು ಕರ್ನಾಟಕ

ಮಾಂಟ್ರಿಯಲ್‌ನಲ್ಲಿ ಪೆನ್‌ಫೀಲ್ಡ್ ಬಳಿ ಕಲಿತು ಬಂದ ಜೇಕಬ್ ಚಾಂಡಿ 1949ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ನರಶಸ್ತ್ರಚಿಕಿತ್ಸೆಯ ವಿಭಾಗ ತೆರೆದರು, 1952ರಲ್ಲಿ ದೇಶದ ಮೊದಲ ಮೂರ್ಛೆರೋಗ ಶಸ್ತ್ರಚಿಕಿತ್ಸೆ ನಡೆಸಿದರು. ತಿರುವನಂತಪುರದ ಶ್ರೀ ಚಿತ್ತಿರ ತಿರುನಾಳ್ ಸಂಸ್ಥೆಯಲ್ಲಿ ಕೆ. ರಾಧಾಕೃಷ್ಣನ್ ನೇತೃತ್ವದಲ್ಲಿ 1995ರಲ್ಲಿ ಆರಂಭವಾದ ಕಾರ್ಯಕ್ರಮ, ದುಬಾರಿ ಪರೀಕ್ಷೆಗಳನ್ನು ಅಗತ್ಯಕ್ಕೆ ತಕ್ಕಷ್ಟೇ ಬಳಸಿ ಬಡ ರೋಗಿಗಳಿಗೂ ಈ ಚಿಕಿತ್ಸೆ ತಲುಪಿಸಬಹುದೆಂದು ತೋರಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿಡಿಯೊ ಇಇಜಿಯಿಂದ ಮ್ಯಾಗ್ನೆಟೊಎನ್ಸೆಫಲೊಗ್ರಫಿಯವರೆಗಿನ ಪರೀಕ್ಷೆಗಳೂ ಶಸ್ತ್ರಚಿಕಿತ್ಸೆಯೂ ಒಂದೇ ಆವರಣದಲ್ಲಿ ದೊರೆಯುತ್ತವೆ.

ಕೇಂದ್ರಗಳಿದ್ದರೂ ಮಕ್ಕಳು ಅಲ್ಲಿಗೆ ತಲುಪುವುದು ತಡ. ಸೆಳವು ಬಂದಾಗ ಕೈಗೆ ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಆಮೇಲೆ ಹರಕೆ, ತಾಯತಗಳಲ್ಲಿ ಮೊದಲ ವರ್ಷ ಕಳೆದುಹೋಗುತ್ತದೆ. ಮದುವೆಗೆ ಅಡ್ಡಿಯಾದೀತೆಂದು ಹೆಣ್ಣುಮಕ್ಕಳ ರೋಗವನ್ನು ಮುಚ್ಚಿಡುತ್ತಾರೆ. ಹಿಂದೂ ವಿವಾಹ ಕಾಯಿದೆಯಲ್ಲಿ ಮೂರ್ಛೆರೋಗವನ್ನು ಮದುವೆಗೆ ತೊಡಕೆಂದು ಪರಿಗಣಿಸಿದ್ದ ಮಾತನ್ನು 1999ರಲ್ಲೇ ತೆಗೆದುಹಾಕಿದ್ದರೂ ಜನರ ಮನಸ್ಸಿನಿಂದ ಅದು ಹೋಗಿಲ್ಲ. ಯಳಂದೂರು ತಾಲ್ಲೂಕಿನಲ್ಲಿ ಬೆಂಗಳೂರಿನ ನರವೈದ್ಯ ಕೆ.ಎಸ್. ಮಣಿ ಮತ್ತು ಸಂಗಡಿಗರು ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನ, ಫಿನೊಬಾರ್ಬಿಟಾಲ್, ಫಿನೈಟಾಯಿನ್‌ನಂಥ ಅಗ್ಗದ ಮಾತ್ರೆಗಳನ್ನು ಹಳ್ಳಿಯಲ್ಲೇ ತಪ್ಪದೆ ಕೊಟ್ಟರೆ ಹೆಚ್ಚಿನವರ ಸೆಳವು ಹತೋಟಿಗೆ ಬರುತ್ತದೆಂದು ತೋರಿಸಿತು. ಹಳ್ಳಿಯಲ್ಲೇ ಇಂಥ ಆರೈಕೆಯಿದ್ದರೆ ಎರಡು ಔಷಧಗಳಿಗೂ ಬಗ್ಗದ ಮಗು ಯಾವುದೆಂದು ಬೇಗ ಗೊತ್ತಾಗುತ್ತದೆ. ನಿಮ್ಹಾನ್ಸ್ ಜೊತೆ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮದ ಜಿಲ್ಲಾ ಚಿಕಿತ್ಸಾಲಯಗಳು ಇಂಥ ಮಕ್ಕಳನ್ನು ಗುರುತಿಸಿ ಮುಂದಕ್ಕೆ ಕಳಿಸುವ ಕೊಂಡಿಯಾಗಬಲ್ಲವು.

ತೀರ್ಮಾನ

ಔಷಧಕ್ಕೆ ಬಗ್ಗದ ಮೂರ್ಛೆರೋಗ ಖಚಿತವಾದ ಕೂಡಲೇ ರೋಗಿಯನ್ನು ಶಸ್ತ್ರಚಿಕಿತ್ಸಾ ಕೇಂದ್ರಕ್ಕೆ ಪರೀಕ್ಷೆಗೆ ಕಳಿಸಬೇಕೆಂದು ಅಂತರರಾಷ್ಟ್ರೀಯ ಮೂರ್ಛೆರೋಗ ವಿರೋಧಿ ಒಕ್ಕೂಟದ ತಜ್ಞರು 2022ರಲ್ಲಿ ಶಿಫಾರಸು ಮಾಡಿದ್ದಾರೆ. ಮಕ್ಕಳ ವಿಷಯದಲ್ಲಿ ಈ ಮಾತಿಗೆ ದುಪ್ಪಟ್ಟು ತೂಕವಿದೆ. ಎರಡು ಮಾತ್ರೆಗಳನ್ನು ಸರಿಯಾಗಿ ಕೊಟ್ಟರೂ ಮಗುವಿಗೆ ಸೆಳವು ಬರುತ್ತಿದ್ದರೆ ತಂದೆತಾಯಿ ಮೂರನೆಯ, ನಾಲ್ಕನೆಯ ಮಾತ್ರೆಗೆಂದು ವರ್ಷಗಟ್ಟಲೆ ಕಾಯಬಾರದು. ಸೆಳವಿನ ವಿಡಿಯೊ, ಹಳೆಯ ಸ್ಕ್ಯಾನ್‌ಗಳು, ಕೊಟ್ಟ ಔಷಧಗಳ ಪಟ್ಟಿ ಇವನ್ನು ಜೊತೆಗಿಟ್ಟುಕೊಂಡು, ನಮ್ಮ ಮಗುವನ್ನು ಮೂರ್ಛೆರೋಗ ಶಸ್ತ್ರಚಿಕಿತ್ಸೆಯ ಪರೀಕ್ಷೆಗೆ ಕಳಿಸಿಕೊಡಿ ಎಂದು ತಮ್ಮ ವೈದ್ಯರನ್ನು ಕೇಳಬೇಕು. ಹಾಗೆ ಕೇಳುವುದು ಅವರ ಹಕ್ಕು, ಕಳಿಸಿಕೊಡುವುದು ವೈದ್ಯರ ಹೊಣೆ.